ಊರು ಸೇರದ ಸಾಹೇಬ

ಬೆಂಗಳೂರಿನಿಂದ ತಿಪಟೂರಿನ ಬಸ್ಸು ಹತ್ತಿದರೆ ನೆಲಮಂಗಲ ದಾಟಿದ ಮೇಲೆ, ತುಮಕೂರು ಬರುವ ಮೊದಲು, ಡಾಬಸ್‌ಪೇಟೆ ಸಿಗುತ್ತದೆ. ಕಾರ್ಖಾನೆಗಳ ಬೋರ್ಡು, ಲಾರಿಗಳ ಸಾಲು, ಶಿವಗಂಗೆಗೆ ತಿರುಗುವ ದಾರಿ. ಊರಿಗೆ ಹೆಸರು ಬಿಟ್ಟುಹೋದವನು ರಿಚರ್ಡ್ ಸ್ಟೀವರ್ಟ್ ಡಾಬ್ಸ್ ಎಂಬ ಸೇನಾಧಿಕಾರಿ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿ, ತುಮಕೂರಿನಲ್ಲಿ ಕಚೇರಿ ಇಟ್ಟುಕೊಂಡು ದೀರ್ಘ ಕಾಲ ಆಳಿದವನು. ಇವತ್ತಿನ ತುಮಕೂರು ಜಿಲ್ಲೆಯ ಬಹುಭಾಗ ಆಗ ಆ ವಿಭಾಗಕ್ಕೆ ಸೇರಿತ್ತು. ಡಾಬ್ಸ್ ಮುಂದೆ ಮೇಜರ್ ಜನರಲ್ ಆದ, ಸ್ವದೇಶಕ್ಕೆ ಮರಳಿದ, ಮೈಸೂರು, ದಕ್ಷಿಣ ಆಫ್ರಿಕಾ ಮತ್ತು ಬರ್ಮಾದ ತನ್ನ ದಿನಗಳ ನೆನಪುಗಳನ್ನು 1882ರಲ್ಲಿ ಪುಸ್ತಕ ಮಾಡಿದ. ಒಟ್ಟಿನಲ್ಲಿ ಕೆಲಸ ಮುಗಿಸಿ ಮನೆಗೆ ಹೋಗಿ ಕುಳಿತು ನೆನಪಿಸಿಕೊಳ್ಳುವ ಭಾಗ್ಯ ಅವನಿಗಿತ್ತು.

ಅವನ ಮೇಲಧಿಕಾರಿಗೆ ಅದು ಇರಲಿಲ್ಲ. ಆ ಮೇಲಧಿಕಾರಿ ಮಾರ್ಕ್ ಕಬ್ಬನ್. ಬೆಂಗಳೂರಿನ ಉದ್ಯಾನ, ಪೇಟೆ, ರಸ್ತೆಗಳಿಂದಾಗಿ ಆ ಹೆಸರು ಎಲ್ಲರಿಗೂ ಗೊತ್ತು. ಆದರೆ ಆತ ಬೆಂಗಳೂರಿಗಷ್ಟೇ ಸೇರಿದವನಲ್ಲ. ಹೊನ್ನವಳ್ಳಿಯ ತೋಟದ ಕಂದಾಯ, ಚಿಕ್ಕನಾಯಕನಹಳ್ಳಿಯ ಅಮಲ್ದಾರನ ದಫ್ತರ, ತುರುವೇಕೆರೆ ಸಂತೆಗೆ ಹೋಗುವ ಗಾಡಿಯ ಸುಂಕ ಎಲ್ಲದರ ಮೇಲೂ 27 ವರ್ಷ ಕೊನೆಯ ಮಾತು ಅವನದೇ ಆಗಿತ್ತು. 1834ರಲ್ಲಿ ಏಕೈಕ ಕಮಿಷನರ್ ಆಗಿ ಕುಳಿತವನು 1861ರಲ್ಲಿ, ದೇಹ ಇನ್ನು ನಡೆಯದು ಅನ್ನಿಸಿದಾಗ, ರಾಜೀನಾಮೆ ಕೊಟ್ಟು ಹೊರಟ.

ಸರ್ಕಾರಿ ಕಡತದಲ್ಲಿ ‘ಅನಾರೋಗ್ಯದ ಕಾರಣ’ ಎಂದು ಬರೆದಿದ್ದರೆ ಅದನ್ನು ಪೂರ್ತಿ ನಂಬುವವರು ಕಡಿಮೆ. ನಂಬದಿರುವುದಕ್ಕೆ ಕಾರಣವೂ ಇದೆ. ಮೇಲಿನವರಿಗೆ ಬೇಡವಾದವನನ್ನು ಮರ್ಯಾದೆಯಿಂದ ಕಳಿಸಲು, ಜಗಳವಾಡಿದವನು ಮುಖ ಉಳಿಸಿಕೊಂಡು ಹೊರಡಲು, ತನಿಖೆ ಬರುವ ಮುನ್ನ ಜಾಗ ಖಾಲಿ ಮಾಡಲು ಇದಕ್ಕಿಂತ ಅನುಕೂಲದ ಮಾತು ಸಿಗದು. ಅದಕ್ಕೇ ಕಬ್ಬನ್‌ನ ಪ್ರಕರಣ ನನಗೆ ಕುತೂಹಲ ಹುಟ್ಟಿಸುತ್ತದೆ. ಆತ ಜಗಳಕ್ಕೆ ರಾಜೀನಾಮೆ ಕೊಟ್ಟಾಗ ಜಗಳ ಎಂದೇ ಹೇಳಿದ, ಕಾಯಿಲೆಗೆ ಕೊಟ್ಟಾಗ ಅದು ನಿಜವಾಗಿಯೂ ಕಾಯಿಲೆಯೇ ಆಗಿತ್ತು.

ಜಗಳದ್ದು 1860ರ ಮಾತು. ಮೈಸೂರಿನ ಮೇಲ್ವಿಚಾರಣೆಯನ್ನು ಕಲ್ಕತ್ತೆಯ ಭಾರತ ಸರ್ಕಾರದಿಂದ ತೆಗೆದು ಮದರಾಸು ಸರ್ಕಾರಕ್ಕೆ ವಹಿಸಬೇಕೆಂದು ಲಂಡನ್ನಿನಿಂದ ಅಪ್ಪಣೆ ಬಂತು. ಮದರಾಸಿನ ಕೈಕೆಳಗೆ ಕೆಲಸ ಮಾಡಲು ಕಬ್ಬನ್ ಒಪ್ಪಲಿಲ್ಲ, ಹುದ್ದೆ ಬಿಡುತ್ತೇನೆಂದ. ಮುಮ್ಮಡಿ ಕೃಷ್ಣರಾಜ ಒಡೆಯರೂ ಅದನ್ನು ಬಲವಾಗಿ ವಿರೋಧಿಸಿದರು. ಅಧಿಕಾರ ಕಳೆದುಕೊಂಡ ರಾಜ, ಆ ಅಧಿಕಾರ ನಡೆಸುತ್ತಿದ್ದ ಪರಂಗಿ, ಇಬ್ಬರೂ ಒಂದೇ ಕಡೆ ನಿಂತ ಅಪರೂಪದ ಸಂದರ್ಭ ಅದು. ಗವರ್ನರ್ ಜನರಲ್ ಕ್ಯಾನಿಂಗ್ ಆ ಏರ್ಪಾಡನ್ನು ಕೈಬಿಡುವಂತೆ ಮಾಡಿದ. ಕಬ್ಬನ್ ಗೆದ್ದ, ಉಳಿದ. ಆದರೆ ಮಾರನೆಯ ವರ್ಷವೇ ದೇಹ ಸೋತಿತು.

ಆಗ ಅವನಿಗೆ ಎಷ್ಟು ವಯಸ್ಸು? ಹುಟ್ಟಿದ್ದು 1775 ಎಂದು ಬರೆದವರಿದ್ದಾರೆ, 1785ರ ಆಸುಪಾಸು ಎಂದವರೂ ಇದ್ದಾರೆ. 1800ರಲ್ಲಿ ಮದರಾಸು ಸೇನೆಗೆ ಕೆಡೆಟ್ ಆಗಿ ಬಂದದ್ದನ್ನು ನೋಡಿದರೆ ಎರಡನೆಯದೇ ಸರಿ ಅನ್ನಿಸುತ್ತದೆ, ಇಪ್ಪತ್ತೈದರ ಗಂಡಸನ್ನು ಕಂಪನಿ ಕೆಡೆಟ್ ಮಾಡಿಕೊಳ್ಳುತ್ತಿದ್ದುದು ಕಡಿಮೆ. ಹೇಗೆ ಲೆಕ್ಕ ಹಾಕಿದರೂ ಎಪ್ಪತ್ತೈದು ಮುಟ್ಟಿದ ಮನುಷ್ಯ. ಇವತ್ತಿನ ನಮ್ಮ ಸರ್ಕಾರಿ ನೌಕರ ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ. ಕಬ್ಬನ್‌ಗೆ ವಯಸ್ಸಿನ ನಿವೃತ್ತಿ ಇರಲಿಲ್ಲ. ಮೇಲಿನವರು ತೆಗೆಯಬೇಕು, ತಾನಾಗಿ ಬಿಡಬೇಕು, ಇಲ್ಲವೇ ಸಾಯಬೇಕು.

ಐರ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಮ್ಯಾನ್ ಎಂಬ ಪುಟ್ಟ ದ್ವೀಪ ಅವನ ಹುಟ್ಟೂರು. ‘ದಕ್ಷಿಣ ಭಾರತದ ಇತಿಹಾಸ’ ಬರೆದ ಮಾರ್ಕ್ ವಿಲ್ಕ್ಸ್ ಅವನ ಸೋದರಮಾವ, ಆತನೂ ಮ್ಯಾನ್ ದ್ವೀಪದವನೇ, ಮೈಸೂರಿನ ರೆಸಿಡೆಂಟ್ ಆಗಿದ್ದವನು. ವಿಲ್ಕ್ಸ್‌ನನ್ನೂ ಇಲ್ಲಿನ ಹವೆ ಸುಮ್ಮನೆ ಬಿಟ್ಟಿರಲಿಲ್ಲ. ಮೈಸೂರಿಗೆ ಬರುವ ಮೊದಲೇ ಒಮ್ಮೆ ಕಾಯಿಲೆಯಿಂದ ಯೂರೋಪಿಗೆ ಹೋಗಿ ಚೇತರಿಸಿಕೊಂಡು ಬಂದಿದ್ದ. 1808ರಲ್ಲಿ ಮೈಸೂರು ಬಿಟ್ಟ ಮೇಲೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆದ, ನೆಪೋಲಿಯನ್ ಬಂದಿಯಾಗಿ ಅಲ್ಲಿಗೆ ಬಂದಾಗ ಆಡಳಿತದಲ್ಲಿದ್ದವನು ಅವನೇ. ಮಾವ ಹೀಗೆ ದೇಶದೇಶ ತಿರುಗಿದರೆ, ಅಳಿಯ 1800ರಲ್ಲಿ ಹಡಗಿಳಿದವನು ಮತ್ತೆ ಊರ ಕಡೆ ತಲೆ ಹಾಕಲಿಲ್ಲ. ಮದುವೆಯಾಗಲಿಲ್ಲ. ಬೇಸಿಗೆಗೆ ನಂದಿಬೆಟ್ಟದ ಮೇಲಿನ ಬಂಗಲೆ, ಉಳಿದ ಕಾಲಕ್ಕೆ ಬೆಂಗಳೂರಿನ ಮನೆ. ಬೆಟ್ಟದ ಮನೆ ಈಗಿನ ನೆಹರು ನಿಲಯ, ಊರಿನದು ಈಗಿನ ರಾಜಭವನ.

ಆ ಕಾಲದ ರಜೆಯ ನಿಯಮಗಳನ್ನು ಅರಿತರೆ ಇದರ ವಿಚಿತ್ರ ಅರ್ಥವಾಗುತ್ತದೆ. ಕಂಪನಿಯ ಅಧಿಕಾರಿ ಕಾಯಿಲೆ ಬಿದ್ದು ಯೂರೋಪಿಗೆ ಹೋದರೆ ಇಲ್ಲಿನ ಹುದ್ದೆ ಕಳೆದುಕೊಳ್ಳಬೇಕಿತ್ತು, ಭತ್ಯೆಯೂ ನಿಲ್ಲುತ್ತಿತ್ತು. ಆದರೆ ಗುಡ್‌ಹೋಪ್ ಭೂಶಿರದವರೆಗೆ ಹೋಗಿ ಚೇತರಿಸಿಕೊಂಡು ಬಂದರೆ ಹುದ್ದೆ ಉಳಿಯುತ್ತಿತ್ತು. ಹಾಗಾಗಿ ಕೇಪ್‌ಟೌನ್‌ನಲ್ಲಿ ಭಾರತದಿಂದ ಬಂದ ಜ್ವರಪೀಡಿತ ಸಾಹೇಬರದೇ ಒಂದು ಸಮಾಜ ನೆರೆದಿರುತ್ತಿತ್ತು. 1854ರಲ್ಲಿ ನಿಯಮ ಸಡಿಲವಾದ ಮೇಲೆ ಅಲ್ಲಿನ ಗದ್ದಲ ತಗ್ಗಿತು. ಜ್ವರವೆಂದರೆ ಸಣ್ಣ ಮಾತಲ್ಲ. ಶ್ರೀರಂಗಪಟ್ಟಣದ ಬ್ರಿಟಿಷ್ ಪಡೆ ಅಲ್ಲಿನ ಕೆಟ್ಟ ಹವೆಗೆ ಹೆದರಿ 1809ರಲ್ಲಿ ಬೆಂಗಳೂರಿಗೆ ಎದ್ದುಬಂತು, ದಂಡಿನ ಪ್ರದೇಶ ಹುಟ್ಟಿದ್ದೇ ಹಾಗೆ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಕಂಡುಹಿಡಿಯಲು 1897ರವರೆಗೆ ಕಾಯಬೇಕಿತ್ತು. ಅಲ್ಲಿಯವರೆಗೆ ಎಲ್ಲ ತಪ್ಪೂ ಗಾಳಿಯದ್ದು, ನೀರಿನದ್ದು, ಬಿಸಿಲಿನದ್ದು. ಕಾಲರಾ ಬಂದರಂತೂ ರಜೆ ಬರೆಯಲೂ ಪುರುಸೊತ್ತು ಇರುತ್ತಿರಲಿಲ್ಲ. ಕೆನರಾ, ಬಳ್ಳಾರಿ ಸೀಮೆಗಳನ್ನು ಆಳಿ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ, ಬಿಡುಗಡೆ ಕೇಳಿ ಬದಲಿಗೆ ಬರುವವನ ದಾರಿ ಕಾಯುತ್ತ ಹಳೆಯ ಸೀಮೆಯನ್ನು ಕೊನೆಯ ಸಲ ನೋಡಲು ಬಂದಾಗ, 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ.

ತಿಪಟೂರಿನ ತೆಂಗಿನ ಸೀಮೆಯ ಮಗ್ಗುಲಲ್ಲೇ ಇನ್ನೊಂದು ನಿದರ್ಶನವಿದೆ. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಹುಡುಗ 1839ರಲ್ಲಿ ಗುಬ್ಬಿಗೆ ಬಂದ. ಎರಡೇ ವರ್ಷಕ್ಕೆ ಆರೋಗ್ಯ ಕೆಟ್ಟು, 1841ರಲ್ಲಿ ವಾಪಸು ಹಡಗು ಹತ್ತಿದ. ಊರಿಗೆ ಹೋಗಿ ಮೈಸೂರಿನ ಬಗ್ಗೆ ಪುಸ್ತಕ ಬರೆದ, ದೊಡ್ಡ ಹೆಸರು ಮಾಡಿದ, 1901ರವರೆಗೆ ಬದುಕಿದ. ಗುಬ್ಬಿಯಲ್ಲಿ ಎರಡು ವರ್ಷ ತಾಳದವನು ಊರಿನಲ್ಲಿ ಅರವತ್ತು ವರ್ಷ ಬಾಳಿದ. ಕಬ್ಬನ್‌ದು ಇದರ ತಿರುಗುಮುರುಗು. ಇಲ್ಲಿ ಅರವತ್ತು ವರ್ಷ ತಾಳಿದವನಿಗೆ ಊರಿನ ದಾರಿಯನ್ನೇ ತಾಳಲಾಗಲಿಲ್ಲ.

ಅಷ್ಟು ವರ್ಷ ಕುಳಿತು ಮಾಡಿದ್ದೇನು ಎಂದು ಕೇಳಿದರೆ ಮೊದಲು ಹೇಳಬೇಕಾದದ್ದು ತೆರಿಗೆಯ ಕಥೆ. ಬಿ.ಎಲ್. ರೈಸ್ ಗೆಜೆಟಿಯರ್‌ನಲ್ಲಿ ಕೊಡುವ ಲೆಕ್ಕದ ಪ್ರಕಾರ ಆತ ರದ್ದು ಮಾಡಿದ ಚಿಲ್ಲರೆ ತೆರಿಗೆಗಳು 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ಒಂದು, ತಲೆ ಬೋಳಿಸಿದರೆ ಇನ್ನೊಂದು. ಒಂದೂರಿನವರು ಯಾವುದೋ ಕಾಲದಲ್ಲಿ ಪಾಳೇಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರೀಕರು ಹುಡುಕಿಕೊಡಲಿಲ್ಲವೆಂದು ತಲೆಮಾರುಗಟ್ಟಲೆ ಕಪ್ಪ ಕಟ್ಟುತ್ತಿದ್ದರು. ನಗರ ಸೀಮೆಯಲ್ಲಿ ಒಂದು ಜಾಗವನ್ನು ಕೈ ಮೈಗೆ ಅಂಟಿಸಿಕೊಳ್ಳದೆ ಬೀಸಿಕೊಂಡು ದಾಟಿದರೆ ಅದಕ್ಕೂ ದಂಡ. ಇವೆಲ್ಲ ಸಣ್ಣ ಮೊತ್ತಗಳೇ. ಆದರೆ ವಸೂಲಿಗೆ ಬರುವವನು ಸಣ್ಣ ಮೊತ್ತಕ್ಕೆ ತೃಪ್ತಿಪಡುವವನಲ್ಲ, ಬಡವನನ್ನು ಹಿಂಡುತ್ತಿದ್ದದ್ದು ತೆರಿಗೆಗಿಂತ ಅವನೇ.

ಎರಡನೆಯದು ರಸ್ತೆ. ಅವನ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಮಿಕ್ಕಿ ಸೇತುವೆ ಆದವು. ತೆಂಗಿನ ಸೀಮೆಗೆ ಇದು ಎಷ್ಟು ದೊಡ್ಡದು ಎಂಬುದು ಕೊಬ್ಬರಿ ಮಾಡುವವರಿಗೆ ಗೊತ್ತು. ಕರಾವಳಿಯವರು ಕಾಯಿ ಒಡೆದು ಹೋಳನ್ನು ಬಿಸಿಲಿಗೆ ಹಾಕಿ ಎಣ್ಣೆಗೆ ಕಳಿಸುತ್ತಾರೆ. ಇಲ್ಲಿ ಹಾಗಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಬಿಡುತ್ತಾರೆ. ನೀರು ಒಳಗೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಬಿಡಿಸಿ, ಇಡಿಯ ಗಿಟುಕು ತೆಗೆಯುವುದು. ತಿನ್ನುವ ಕೊಬ್ಬರಿ ಇದು, ದೂರದ ಊರುಗಳ ಪೂಜೆಗೆ, ಸಿಹಿತಿಂಡಿಗೆ ಹೋಗುವಂಥದ್ದು. ದೂರ ಹೋಗದಿದ್ದರೆ ಬೆಲೆಯಿಲ್ಲ, ರಸ್ತೆಯಿಲ್ಲದಿದ್ದರೆ ದೂರವಿಲ್ಲ.

1800ರಲ್ಲಿ, ಅಂದರೆ ಕಬ್ಬನ್ ಮದರಾಸಿನಲ್ಲಿ ಇಳಿದ ವರ್ಷವೇ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಅಲೆದು ಚಿಕ್ಕನಾಯಕನಹಳ್ಳಿಯ ಸುತ್ತಿನ ತೆಂಗು, ಅಡಿಕೆ ತೋಟಗಳ ಬೇಸಾಯವನ್ನು ವಿವರವಾಗಿ ಬರೆದುಕೊಂಡ. ಕೆಂಪು, ಹಸಿರು ಬೆರೆತ ಕೆಂಪು, ತಿಳಿಹಸಿರು, ಕಡುಹಸಿರು ಎಂದು ತೆಂಗಿನಲ್ಲಿ ನಾಲ್ಕು ಬಗೆ ಇಲ್ಲಿ ಲೆಕ್ಕಕ್ಕಿದ್ದವು. ಇವು ಸಾಲದೆಂಬಂತೆ ಹೊನ್ನವಳ್ಳಿಯ ಗಂಗಾಪಾನಿಯ ಹೆಸರು ರೈಸ್ ಗೆಜೆಟಿಯರ್‌ಗೂ ಏರಿತು, ಅದರ ಎಳನೀರಿನ ರುಚಿಗೆ. ಆಗ ತಾಲ್ಲೂಕು ಕೇಂದ್ರ ಹೊನ್ನವಳ್ಳಿಯೇ ಹೊರತು ತಿಪಟೂರಲ್ಲ. ರೈಲು ಬಂದ ಕಾಲದಲ್ಲಿ ಕಚೇರಿ ತಿಪಟೂರಿಗೆ ಹೋಯಿತು, ಕೊಬ್ಬರಿಯೂ ಹಿಂದೆಯೇ ಹೋಯಿತು.

ಇಷ್ಟು ಹೇಳಿದ ಮೇಲೆ ಕಬ್ಬನ್‌ನ ಕುರ್ಚಿ ಯಾರದಾಗಿತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಹೊಗಳಿಕೆ ವಾಲುತ್ತದೆ. ನಗರ ಸೀಮೆಯ ರೈತ ದಂಗೆಯ ನೆಪದಲ್ಲಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡ. ಅವರಿಗಾಗ 37 ವರ್ಷ. ಯಾವ ಕಾಯಿಲೆಯೂ ಇರಲಿಲ್ಲ, ವೈದ್ಯರ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ. ದುರಾಡಳಿತ ಎಂಬ ಒಂದು ಮಾತು ಸಾಕಾಯಿತು. ದಂಗೆಯ ಕಾರಣ ವಿಚಾರಿಸಲು ನೇಮಿಸಿದ ಸಮಿತಿ, ರಾಜರ ಮೇಲಿನ ದೂರುಗಳಲ್ಲಿ ಬಹಳಷ್ಟು ಅತಿಶಯ ಎಂದು 1833ರಲ್ಲಿ ಹೇಳಿತು. ಆ ಸಮಿತಿಯ ಸದಸ್ಯರಲ್ಲಿ ಕಬ್ಬನ್ ಕೂಡ ಒಬ್ಬ. ಬೆಂಟಿಂಕ್‌ಗೂ ತನ್ನ ಕೆಲಸದ ಬಗ್ಗೆ ಅಳುಕು ಹತ್ತಿತು. ಆದರೂ ಕೊಟ್ಟದ್ದು ಕಮಿಷನರ್ ಕುರ್ಚಿಯನ್ನು, ಕಬ್ಬನ್‌ಗೆ. ಆರೋಗ್ಯವಾಗಿದ್ದ ರಾಜರನ್ನು ಮೂವತ್ತೇಳಕ್ಕೇ ಮನೆಗೆ ಕೂರಿಸಿ, ಎಪ್ಪತ್ತೈದರ ಮುದುಕನನ್ನು ಕೈಲಾಗದವರೆಗೂ ಕಚೇರಿಯಲ್ಲಿ ಕೂರಿಸಿದ ಆಡಳಿತ ಅದು. ರಾಜರು ಅರ್ಜಿಯ ಮೇಲೆ ಅರ್ಜಿ ಬರೆದರು. ಕಬ್ಬನ್ ಸತ್ತ ಏಳು ವರ್ಷದ ಮೇಲೆ, 1868ರ ಮಾರ್ಚ್‌ನಲ್ಲಿ, ರಾಜ್ಯ ಮರಳುವುದನ್ನು ಕಾಣದೆಯೇ ತೀರಿಕೊಂಡರು. ದತ್ತುಪುತ್ರ ಚಾಮರಾಜೇಂದ್ರರಿಗೆ ಅಧಿಕಾರ ಸಿಕ್ಕಿದ್ದು 1881ರಲ್ಲಿ.

ಕಬ್ಬನ್ ಹೊರಟ ದಾರಿ ನೋಡಿ. ಸುಯೆಜ್ ಕಾಲುವೆ ಆಗಿನ್ನೂ ಅಗೆಯುತ್ತಿದ್ದರು, ಹಡಗು ಓಡಿದ್ದು 1869ರಲ್ಲಿ. ಭಾರತದಿಂದ ಹೊರಟವರು ಸುಯೆಜ್‌ನಲ್ಲಿ ಇಳಿದು, ಮರಳುಗಾಡಿನ ಮೂಲಕ ಕೈರೋ, ಅಲ್ಲಿಂದ ಅಲೆಕ್ಸಾಂಡ್ರಿಯಾ ಸೇರಿ, ಇನ್ನೊಂದು ಹಡಗು ಹಿಡಿಯಬೇಕು. 1858ರಿಂದ ಸುಯೆಜ್‌ವರೆಗೆ ರೈಲು ಇದ್ದುದರಿಂದ ಒಂಟೆ, ಕುದುರೆಗಾಡಿಗಳ ಹಿಂಸೆ ತಪ್ಪಿತ್ತು. ಮುದುಕನಿಗೆ ಆ ರೈಲೂ ಬೇಕಾಗಲಿಲ್ಲ. 1861ರ ಏಪ್ರಿಲ್ 23ರಂದು ಸುಯೆಜ್‌ನಲ್ಲೇ ಪ್ರಾಣ ಬಿಟ್ಟ. ದೇಹವನ್ನು ಮ್ಯಾನ್ ದ್ವೀಪಕ್ಕೆ ಒಯ್ದು ಮಾಗೋಲ್ಡ್‌ನ ಚರ್ಚಿನಂಗಳದಲ್ಲಿ ಹೂಳಿದರು. ಇಂಥ ಮನುಷ್ಯನನ್ನು ಕೆಲಸವೇ ಇಷ್ಟು ಕಾಲ ಎತ್ತಿ ಹಿಡಿದಿತ್ತು, ಬಿಟ್ಟ ಕೂಡಲೇ ಕುಸಿದ ಎಂದು ಹೇಳುವುದು ಸುಲಭ. ಆದರೆ ಎಪ್ಪತ್ತೈದು ದಾಟಿದ ರೋಗಿಯನ್ನು ಬಿರುಬೇಸಿಗೆಯಲ್ಲಿ ಕೆಂಪು ಸಮುದ್ರದ ಮೇಲೆ ಕಳಿಸಿದರೆ ಮತ್ತೇನಾಗಬೇಕಿತ್ತು ಎಂಬುದು ನನ್ನ ಪ್ರಶ್ನೆ. ನಂದಿಬೆಟ್ಟದಲ್ಲೇ ಉಳಿದಿದ್ದರೆ ಇನ್ನೊಂದೆರಡು ಬೇಸಿಗೆ ಕಳೆಯುತ್ತಿದ್ದನೇನೋ. ಉಳಿಯುವಂತಿರಲಿಲ್ಲ. ಅಧಿಕಾರ ಬಿಟ್ಟ ಸಾಹೇಬ ಆಳಿದ ಊರಿನಲ್ಲೇ ಸಾಮಾನ್ಯನಾಗಿ ಕೂರುವ ಪದ್ಧತಿ ಆ ಆಡಳಿತಕ್ಕೆ ರೂಢಿಯಿರಲಿಲ್ಲ.

ಮರೋಕೆಟ್ಟಿ ಮಾಡಿದ, ಕುದುರೆಯೇರಿದ ಕಬ್ಬನ್‌ನ ಕಂಚಿನ ಪ್ರತಿಮೆ 1866ರಲ್ಲಿ ಬೆಂಗಳೂರಿಗೆ ಬಂತು. ದಂಡಿನ ಮೈದಾನದಿಂದ ಅಠಾರಾ ಕಚೇರಿಯ ಮುಂದಕ್ಕೆ, ಅಲ್ಲಿಂದ 2020ರಲ್ಲಿ ಉದ್ಯಾನದೊಳಕ್ಕೆ. ಪ್ರತಿಮೆಗೂ ವರ್ಗಾವಣೆ ತಪ್ಪಲಿಲ್ಲ.

ಕಬ್ಬನ್ ನಂತರ ಸಿ.ಬಿ. ಸಾಂಡರ್ಸ್ ಕೆಲಕಾಲ ನೋಡಿಕೊಂಡ, 1862ರಲ್ಲಿ ಲೆವಿನ್ ಬೌರಿಂಗ್ ಬಂದ. ಹಳೆಯ ವಿಭಾಗಗಳು ಒಡೆದು ಜಿಲ್ಲೆಗಳಾದವು, ತುಮಕೂರಿಗೆ ತನ್ನದೇ ಡೆಪ್ಯುಟಿ ಕಮಿಷನರ್ ಸಿಕ್ಕಿದರು. ಆ ಹುದ್ದೆಯಲ್ಲಿ ಕುಳಿತವರಲ್ಲಿ ಕೆ. ಶೇಷಾದ್ರಿ ಅಯ್ಯರ್ ಒಬ್ಬರು. ರಂಗಾಚಾರ್ಲು ದಿವಾನಗಿರಿಯಲ್ಲಿದ್ದಾಗಲೇ 1883ರ ಜನವರಿಯಲ್ಲಿ ತೀರಿಕೊಂಡಾಗ ಶೇಷಾದ್ರಿ ಅಯ್ಯರ್ ದಿವಾನರಾದರು. 1884ರಲ್ಲಿ ತುಮಕೂರು ಮುಟ್ಟಿದ ರೈಲು 1889ರ ಹೊತ್ತಿಗೆ ಬಾಣಸಂದ್ರ, ತಿಪಟೂರು, ಅರಸೀಕೆರೆ ದಾಟಿ ಹರಿಹರದ ಕಡೆ ಓಡಿತು. ಮಾರಿಕಣಿವೆ ಅಣೆಕಟ್ಟು, ಶಿವನಸಮುದ್ರದ ವಿದ್ಯುತ್ತು ಅವರ ಕಾಲದಲ್ಲೇ ಶುರುವಾದವು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ನುಗ್ಗಿತು. ಹದಿನೆಂಟು ವರ್ಷದ ದುಡಿತ, ಮೇಲೆ ಪ್ಲೇಗು, ಕೆಲಸ ಬಿಟ್ಟರೆ ಬೇರೆ ಹವ್ಯಾಸವಿಲ್ಲದ ಸ್ವಭಾವ. ಅನಾರೋಗ್ಯದಿಂದ ಮೊದಲು ರಜೆ, 1901ರಲ್ಲಿ ನಿವೃತ್ತಿ. ಅದೇ ಸೆಪ್ಟೆಂಬರ್ 13ಕ್ಕೆ ಇಲ್ಲವಾದರು, 56 ವರ್ಷಕ್ಕೆ.

ಇವರ ಜೊತೆಗೆ ವಿಶ್ವೇಶ್ವರಯ್ಯನವರನ್ನು ನೆನೆಯದಿರಲು ಆಗದು. ದಿವಾನಗಿರಿಯಿಂದ ಅವರು ಹೊರಬಂದದ್ದು ಭಿನ್ನಾಭಿಪ್ರಾಯದಿಂದ, ಕಾಯಿಲೆಯಿಂದಲ್ಲ. ಆಮೇಲೆ ನಾಲ್ಕು ದಶಕ ಬದುಕಿ ನೂರು ದಾಟಿದರು. ಮುದ್ದೇನಹಳ್ಳಿಯವರಿಗೆ ಬೆಂಗಳೂರು ಪರದೇಶವಾಗಿರಲಿಲ್ಲ.

ಇದೆಲ್ಲ ಮೇಲಿನ ಕುರ್ಚಿಗಳ ಮಾತಾಯಿತು. ಕಬ್ಬನ್ ಆಳಿದ ಸಂಸ್ಥಾನವನ್ನು ಹಳ್ಳಿಯಲ್ಲಿ ಹೊತ್ತವರು ಶಾನುಭೋಗರು, ಪಟೇಲರು, ತಳವಾರ, ತೋಟಿಗಳು. ಅವರಿಗೆ ನಿವೃತ್ತಿಯೂ ಇಲ್ಲ, ಕಾಯಿಲೆಯ ರಜೆಯೂ ಇಲ್ಲ. ವಂಶಪಾರಂಪರ್ಯದ ಕೆಲಸ. ಶಾನುಭೋಗರಿಗೆ ಕಣ್ಣು ಮಂಜಾದರೆ ಮಗ ಖಿರ್ದಿ ಬರೆಯುತ್ತಿದ್ದ, ಮಗ ಚಿಕ್ಕವನಾದರೆ ತಮ್ಮ ಬರೆಯುತ್ತಿದ್ದ, ರುಜು ಮಾತ್ರ ಯಜಮಾನರದು. ಜಮಾಬಂದಿಗೆ ಸಾಹೇಬರು ಬಂದಾಗ ‘ಅಣ್ಣನಿಗೆ ಮೈಯಲ್ಲಿ ಹುಷಾರಿಲ್ಲ ಸ್ವಾಮಿ, ಲೆಕ್ಕ ನಾನೇ ತಂದಿದ್ದೀನಿ’ ಅಂದರೆ ಮುಗಿಯಿತು. ದಾಯಾದಿಗಳು ಜಗಳಕ್ಕೆ ಬಿದ್ದರೆ ಮಾತ್ರ ಆ ಕಾಯಿಲೆ ಕಡತಕ್ಕೆ ಹತ್ತುತ್ತಿತ್ತು. ಒಬ್ಬ ಮನುಷ್ಯನ ಮೇಲೆ ನಿಂತ ಆಡಳಿತಕ್ಕಿಂತ ಒಂದು ಮನೆಯ ಮೇಲೆ ನಿಂತ ಆಡಳಿತ ಗಟ್ಟಿ ಅನ್ನಿಸಬಹುದು. ಆದರೆ ಆ ಮನೆ ಯಾರದು, ಆ ಮನೆಯ ಜಗಲಿ ಹತ್ತಲು ಯಾರಿಗೆ ಬಿಡುತ್ತಿದ್ದರು ಎಂದು ಕೇಳಿಕೊಂಡರೆ ಗಟ್ಟಿತನದ ಬೆಲೆ ತಿಳಿಯುತ್ತದೆ. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರುವರಿಯಲ್ಲಿ. ಶಾನುಭೋಗರ ಜಾಗಕ್ಕೆ ಗ್ರಾಮಲೆಕ್ಕಿಗರು ಬಂದರು, ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ. ಅವರಿಗೆ ವೇತನಶ್ರೇಣಿ ಇದೆ, ಅರವತ್ತರ ಗಡಿ ಇದೆ, ಗುಣವಾಗದ ಕಾಯಿಲೆ ಬಂದರೆ ವೈದ್ಯಕೀಯ ಮಂಡಳಿಯ ಮುಂದೆ ನಿಂತು ಅಶಕ್ತತೆಯ ಪಿಂಚಣಿ ಪಡೆಯುವ ನಿಯಮವೂ ಇದೆ.

ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಆ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಬೇರೆ ಕೆಲಸ ಕೊಟ್ಟಾದರೂ ಉಳಿಸಿಕೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಕಬ್ಬನ್ ಕಾಲದ ಸಾಹೇಬರಿಗೂ ಇರದ ರಕ್ಷಣೆ ಇದು, ಒಳ್ಳೆಯದೇ. ಆದರೂ ತಾಲ್ಲೂಕು ಕಚೇರಿಗಳಲ್ಲಿ ಕಾಯಿಲೆ ನಿವೃತ್ತಿಯ ಅರ್ಜಿ ಬರೆಯಲು ಹಿಂಜರಿಯುವವರೇ ಹೆಚ್ಚು, ಹಿಂಜರಿಕೆಗೆ ಹುದ್ದೆಯ ಮೇಲಿನ ಆಸೆಯೊಂದೇ ಕಾರಣವಲ್ಲ. ಅನುಕಂಪದ ನೌಕರಿ ಸಿಗುವುದು ಸೇವೆಯಲ್ಲಿದ್ದಾಗ ಸತ್ತವರ ಮನೆಯವರಿಗೆ. ಕಾಯಿಲೆಯೆಂದು ಬರೆದುಕೊಟ್ಟು ಮನೆಗೆ ಹೋಗಿ ಆರು ತಿಂಗಳಿಗೆ ಸತ್ತರೆ ಕುಟುಂಬಕ್ಕೆ ಉಳಿಯುವುದು ಪಿಂಚಣಿ, ಕೆಲಸವಲ್ಲ. ಡಯಾಲಿಸಿಸ್ ಮಾಡಿಸಿಕೊಂಡು ಬಂದು ಹಾಜರಿ ಪುಸ್ತಕಕ್ಕೆ ರುಜು ಹಾಕುವ ನೌಕರನಿಗೆ ಪಕ್ಕದ ಮೇಜಿನವರು ದನಿ ತಗ್ಗಿಸಿ ಹೇಳುವುದೂ ಇದನ್ನೇ: ‘ರಜಾ ಹಾಕಿ ಸಾರ್, ಎಷ್ಟು ಬೇಕಾದ್ರೂ ಹಾಕಿ. ನಿವೃತ್ತಿ ಮಾತ್ರ ಬರ್ಕೊಡಬೇಡಿ, ಹುಡುಗಂದು ಡಿಗ್ರಿ ಮುಗೀಲಿ.’